ಮಗುವಿನ ತಲೆಯಲ್ಲಿ ‘ಜಡೆ’ ಬಂದರೆ ಕಾಯುತ್ತಾ ಕೂರಬೇಡಿ

ಚಿಕ್ಕ ಮಕ್ಕಳಿರುವ ಮನೆಯವರು, ಅದರಲ್ಲೂ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಗುವಿನ ಕೂದಲು ಗಂಟುಗಟ್ಟಿ ಬಾಚಣಿಗೆ ಹೋಗದಂತಾದರೆ “ಜಡೆ ಬಂದಿದೆ, ಎಲ್ಲಮ್ಮ ಬಂದಿದ್ದಾಳೆ, ಮುಟ್ಟಬೇಡಿ” ಅನ್ನುವವರು ಇವತ್ತಿಗೂ ಇದ್ದಾರೆ. ಹೆಣೆದು ಹಾಕುವ ಜಡೆಯಲ್ಲ, ಕೂದಲು ತಾನಾಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗುವ ಜಡೆ. ಅದನ್ನು ಬೆಳೆಯಲು ಬಿಟ್ಟರೆ ಮಗುವಿಗೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಹುಟ್ಟಿದಾಗಿನಿಂದಲೂ ಅವಳದು ತುಂಬಾ ನವಿರು ಕೂದಲು. ಗಾಳಿಗೆ ಬಿಟ್ಟರೆ ಸಾಕು, ಸಿಕ್ಕಾಗುತ್ತಿತ್ತು. ಆ ವರ್ಷ ಅವಳಿಗೆ ಟೈಫಾಯಿಡ್ ಬಂತು. ಮಲಗಿದಲ್ಲೇ ಇದ್ದಳು. ತಲೆಗೆ ನೀರು ಹಾಕುವುದು ಬೇಡ, ಬಾಚುವುದು ಬೇಡ ಅಂತ ಎಲ್ಲರೂ ಅಂದರು. ಬೆವರು, ದಿಂಬಿನ ಉಜ್ಜಾಟ, ಆಗಾಗ ಹಚ್ಚಿದ ಎಣ್ಣೆ. ಜ್ವರ ಬಿಟ್ಟು ಎದ್ದು ಕೂತಾಗ ಕತ್ತಿನ ಮೇಲ್ಗಡೆ ಒಂದು ಗಂಟು ಕೈಗೆ ಸಿಕ್ಕಿತು. ಆಗಿನ್ನೂ ಅದು ಚಿಕ್ಕದಿತ್ತು, ಮೆತ್ತಗಿತ್ತು. ಅವತ್ತು ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ಬಿಡಿಸಿದ್ದರೆ ಒಂದು ಸಂಜೆಯ ಕೆಲಸ.

ಬಿಡಿಸಲು ಬಿಡಲಿಲ್ಲ. ಮಂಗಳವಾರ ಜೋಗಕ್ಕೆ, ಅಂದರೆ ಎಲ್ಲಮ್ಮನ ಹೆಸರಲ್ಲಿ ಬೇಡಲು, ಬರುವ ಒಬ್ಬ ಹೆಂಗಸು ಹುಡುಗಿಯ ತಲೆ ನೋಡಿ, ಬುಟ್ಟಿ ಕೆಳಗಿಟ್ಟು, ಭಂಡಾರ (ದೇವಿಯ ಅರಿಶಿಣ ಪುಡಿ) ಹಚ್ಚಿದಳು. “ತಾಯಿ ಕೂಸಿನ ತಲಿಮ್ಯಾಲೆ ಬಂದು ಕುಂತಾಳ. ಹಣಿಗಿ ಹಚ್ಚಬ್ಯಾಡ್ರಿ, ಕತ್ತರಿ ಅಂತೂ ಮುಟ್ಟಸಬ್ಯಾಡ್ರಿ. ಮುಟ್ಟಿಸಿದ್ರ ಮನ್ಯಾಗ ಒಂದು ಹೆಣಾ ಬೀಳತೈತಿ” ಅಂದಳು. ಅಕ್ಕನ ಅತ್ತೆ ಕೆಟ್ಟವರಲ್ಲ. ಮೊಮ್ಮಗಳೆಂದರೆ ಅವರಿಗೆ ಜೀವ. ಆ ಜೀವಕ್ಕೇ ಏನಾದರೂ ಆದೀತು ಅನ್ನುವ ಭಯ ಅವರನ್ನು ಕಟ್ಟಿಹಾಕಿತು. ನಾನು ಹುಬ್ಬಳ್ಳಿಯಿಂದ ಫೋನ್ ಮಾಡಿದಾಗಲೆಲ್ಲ ಡಾಕ್ಟರಿಗೆ ತೋರಿಸು ಅಂತಿದ್ದೆ. “ನೀ ಏನೂ ಹೇಳಬ್ಯಾಡವಾ, ಇಲ್ಲಿ ಯಾರೂ ಕೇಳಂಗಿಲ್ಲ” ಅಂತ ಅಕ್ಕ ಅಳುತ್ತಿದ್ದಳು.

ಗಂಟು ದಿನದಿನಕ್ಕೂ ದೊಡ್ಡದಾಗುತ್ತಾ ಹೋಯಿತು. ಅದು ಬೆಳೆಯುವುದನ್ನೇ ದೇವಿಯ ಗುರುತು ಅಂತ ಓಣಿಯವರು ಮಾತಾಡಿಕೊಂಡರು. ಆದರೆ ಇದರ ಹಿಂದೆ ಇರುವುದು ಸರಳ ಕಾರಣ. ಪ್ರತಿಯೊಂದು ಕೂದಲಿನ ಮೇಲೂ ಸಣ್ಣ ಸಣ್ಣ ಪದರಗಳಿರುತ್ತವೆ. ಉಜ್ಜಿದಾಗ, ಒದ್ದೆಯಾದಾಗ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕುರಿಯ ಉಣ್ಣೆಯನ್ನು ನೀರು ಹಾಕಿ ಉಜ್ಜಿ ಉಜ್ಜಿ ಗಟ್ಟಿ ಮಾಡುತ್ತಾರಲ್ಲ, ಹಾಗೆ. ದೊಡ್ಡವರ ತಲೆಯಿಂದಲೇ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚಿದರೆ ಅವು ಹೊರಗೆ ಬರುತ್ತವೆ. ಬಾಚದಿದ್ದರೆ ಅಲ್ಲೇ ಗಂಟಿನೊಳಗೆ ಸುತ್ತಿಕೊಳ್ಳುತ್ತವೆ. ಜೊತೆಗೆ ಇನ್ನೊಂದು ವಿಷಯ. ಟೈಫಾಯಿಡ್‌ನಂಥ ದೊಡ್ಡ ಜ್ವರ ಬಂದು ಹೋದರೆ ಎರಡು ಮೂರು ತಿಂಗಳಾದ ಮೇಲೆ ಕೂದಲು ಜಾಸ್ತಿ ಉದುರುತ್ತದೆ. ಉದುರಿದ್ದೆಲ್ಲ ಒಳಗೇ ಸೇರಿತು. ಮೇಲಿಂದ ಭಂಡಾರದ ಪುಡಿ, ಎಣ್ಣೆ, ಬೆವರು ಕೂಡಿ ಅಂಟಾಯಿತು. ಅಂದರೆ ಪೂಜೆ ಅಂತ ಹಚ್ಚಿದ್ದೇ ಗಂಟನ್ನು ಇನ್ನಷ್ಟು ಬಿಗಿ ಮಾಡಿತು.

ಬನದ ಹುಣ್ಣಿಮೆ ಹೊತ್ತಿಗೆ ನಾನು ಊರಿಗೆ ಹೋದಾಗ ಮಗುವನ್ನು ನೋಡಿ ಎದೆ ಒಡೆಯಿತು. ಹಿಂದಲೆಯಲ್ಲಿ ಅರಿಶಿಣದ ಬಣ್ಣದ ಒಂದು ಗಟ್ಟಿ ಉಂಡೆ, ಅದರಿಂದ ಬೆನ್ನಿಗೆ ಇಳಿದ ಎರಡು ಜಡೆ. ಹತ್ತಿರ ಹೋದರೆ ಕಮಟು ವಾಸನೆ. ಕಿವಿಯ ಹಿಂದೆ ಹೇನು ಓಡಾಡುವುದು ಬರಿಗಣ್ಣಿಗೇ ಕಾಣುತ್ತಿತ್ತು. ಹೇನಿನ ಹಣಿಗೆ ಹಾಕೋಣ ಅಂದರೆ ಹಣಿಗೆ ಎಲ್ಲಿ ಹೋಗಬೇಕು? ಸೀರು ಕೂದಲ ಬುಡಕ್ಕೆ ಅಂಟಿರುತ್ತದೆ, ಬುಡವೇ ಮುಚ್ಚಿಹೋಗಿತ್ತು. ಕೆರೆದು ಕೆರೆದು ಗಾಯವಾಗಿ, ಕೀವು ಕಟ್ಟಿ, ಹಕ್ಕಳೆ ಗಂಟಿಗೇ ಅಂಟಿಕೊಂಡಿತ್ತು. ಕತ್ತಿನ ಎರಡೂ ಕಡೆ ಗ್ರಂಥಿ ಊದಿ ಕೈಗೆ ಸಿಗುತ್ತಿದ್ದವು. ಅಂಗಾತ ಮಲಗಲು ಆಗದೆ ಬೋರಲು ಮಲಗುತ್ತಿದ್ದಳು. ಸ್ನಾನ ಮಾಡಿಸಿದರೆ ಒದ್ದೆ ಜಡೆಯ ಭಾರಕ್ಕೆ ತಲೆ ಹಿಂದಕ್ಕೆ ವಾಲುತ್ತಿತ್ತು. ಅಂಗನವಾಡಿಯಲ್ಲಿ ಬೇರೆ ಮಕ್ಕಳ ತಾಯಂದಿರು ಅವಳ ಪಕ್ಕ ಕೂರಿಸಬೇಡಿ ಅಂದಿದ್ದರಂತೆ. ಕೆಲವರು ಮಾತ್ರ ಕಾಲಿಗೆ ಬೀಳುತ್ತಿದ್ದರು. ನಾಲ್ಕು ವರ್ಷದ ಕೂಸಿಗೆ ಇದೆರಡರಲ್ಲಿ ಯಾವುದೂ ಅರ್ಥವಾಗುತ್ತಿರಲಿಲ್ಲ. “ಚಿಕ್ಕವ್ವ, ತುರಸ್ತೈತಿ” ಅಂತ ನನ್ನ ಕೈ ಹಿಡಿದು ತನ್ನ ತಲೆಗೆ ಇಟ್ಟುಕೊಂಡಳು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ಅದೇ ಹೆಂಗಸು ಮತ್ತೆ ಬಂದು, ಮುಂದಿನ ಭರತ ಹುಣ್ಣಿಮೆಗೆ ಹುಡುಗಿಗೆ ಮುತ್ತು ಕಟ್ಟಿಸಿಬಿಡಿ, ತಾಯಿ ಕೇಳುತ್ತಿದ್ದಾಳೆ ಅಂದಳು. ಮುತ್ತು ಕಟ್ಟುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಹುಡುಗಿಯನ್ನು ದೇವದಾಸಿ ಮಾಡುವುದು. ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳಾದದ್ದು ಹೀಗೆ ತಲೆಯಲ್ಲಿ ಕಂಡ ಒಂದು ಗಂಟಿನಿಂದಲೇ. ಅವತ್ತು ರಾತ್ರಿ ಭಾವ ಊಟ ಮಾಡಲಿಲ್ಲ. ಅಲ್ಲಿಯವರೆಗೆ ಅವ್ವನ ಎದುರು ಒಂದು ಮಾತೂ ಆಡದ ಮನುಷ್ಯ, “ನನ್ನ ಮಗಳನ್ನ ಯಾರಿಗೂ ಕೊಡಂಗಿಲ್ಲ” ಅಂತ ಎದ್ದು ನಿಂತರು. ಅಂಗನವಾಡಿ ಟೀಚರ್ ಕೂಡ ಮನೆಗೆ ಬಂದು ಅತ್ತೆಯ ಪಕ್ಕ ಕೂತು ಕಾನೂನಿನ ವಿಷಯ ತಿಳಿಸಿದರು. ಬೈಯಲಿಲ್ಲ, ಹೆದರಿಸಲಿಲ್ಲ. ಆ ತಾಯಿಗೆ ನಾವು ಋಣಿ.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಮೊದಲು ಕೀವಿಗೆ ಔಷಧಿ, ಹೇನಿಗೆ ಲೋಷನ್ ಕೊಟ್ಟರು. ಆಮೇಲೆ ಕತ್ತರಿಸಿದರು. ಭಾವ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಜಡೆ ಕತ್ತರಿಸಿದರೆ ರಕ್ತ ಬರುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ಲ, ಜಡೆಯಿಂದ ಒಂದು ಹನಿಯೂ ಬರಲಿಲ್ಲ. ಕೂದಲಿಗೆ ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಉಂಡೆಯನ್ನು ಸೀಳಿದಾಗ ನಡುವೆ ಏನೋ ಕೆಂಪಗೆ ಕಂಡಿತು. ಡಾಕ್ಟರು ಚಿಮಟದಲ್ಲಿ ಹಿಡಿದು ಎಳೆದರು. ಎರಡು ಪ್ಲಾಸ್ಟಿಕ್ ಮಣಿ ಇದ್ದ ರಬ್ಬರ್ ಬ್ಯಾಂಡ್! ಜ್ವರ ಬರುವ ಮುಂಚೆ ಅಕ್ಕನೇ ಕಟ್ಟಿದ್ದು. ಎಲ್ಲೋ ಬಿದ್ದುಹೋಯಿತು ಅಂದುಕೊಂಡಿದ್ದಳು. ಇಡೀ ಜಡೆ ಅದರ ಸುತ್ತಲೇ ಬೆಳೆದಿತ್ತು.

ಕತ್ತರಿಸಿದ ಮೇಲಿನ ದಿನಗಳಿಗೂ ಗಟ್ಟಿ ಮನಸ್ಸು ಬೇಕು. ಮನೆ ಅಂದಮೇಲೆ ಏನಾದರೊಂದು ಆಗೇ ಆಗುತ್ತದೆ. ಎಮ್ಮೆಯ ಹಾಲು ಕಡಿಮೆಯಾಯಿತು, ಭಾವ ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡರು. ಎರಡಕ್ಕೂ ಜಡೆಯೇ ಕಾರಣ ಅಂದರು. ಇಂಥ ಮಾತು ಬರುತ್ತದೆ ಅಂತ ಮೊದಲೇ ಮನೆಯವರಿಗೆ ಹೇಳಿಟ್ಟರೆ ಒಳ್ಳೆಯದು. ಅತ್ತೆ ಕತ್ತರಿಸಿದ ಜಡೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಸವದತ್ತಿಗೆ ಒಯ್ದು ಬಂದರು. ನಾವು ಬೇಡ ಅನ್ನಲಿಲ್ಲ. ದೇವಿಗೆ ಉಡಿ ತುಂಬಲಿ, ಹೋಳಿಗೆ ನೈವೇದ್ಯ ಮಾಡಲಿ, ನಾನೂ ಎಲ್ಲಮ್ಮನಿಗೆ ಕೈಮುಗಿಯುವವಳೇ. ಮಗುವಿನ ತಲೆಯನ್ನು ಮಾತ್ರ ಅದಕ್ಕೆ ಒಡ್ಡುವುದು ಬೇಡ.

ಎಲ್ಲಮ್ಮನ ಹೆಸರೇ ಕೇಳದ ಪೋಲೆಂಡ್ ದೇಶದಲ್ಲೂ ಇದೇ ಭಯ ಇತ್ತು ಅಂತ ಓದಿ ನನಗೆ ಆಶ್ಚರ್ಯವಾಯಿತು. ಒಳಗಿನ ರೋಗ ಜಡೆಯಾಗಿ ಹೊರಗೆ ಬರುತ್ತದೆ, ಕತ್ತರಿಸಿದರೆ ರೋಗ ತಿರುಗಿ ಬೀಳುತ್ತದೆ ಅಂತ ಅಲ್ಲಿನ ಹಳ್ಳಿಯವರು ನಂಬಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್ ನಗರದ ಡಾಕ್ಟರ್ ಯೂಝೆಫ್ ಡೀಟ್ಲ್ ಇದು ಬರೀ ಕೂದಲ ಗಂಟು ಅಂತ ಸಾರಿ ಹೇಳಿ, ಕತ್ತರಿಸುವಂತೆ ಜನರನ್ನು ಒಪ್ಪಿಸಲು ಹೋರಾಡಿದರು.

ಈಗ ಮಾಡಬೇಕಾದ್ದು. ಮಗು ಜ್ವರದಿಂದ ಮಲಗಿದ್ದರೆ ರಬ್ಬರ್ ಬ್ಯಾಂಡ್, ಕ್ಲಿಪ್ ಎಲ್ಲ ತೆಗೆದುಬಿಡಿ. ಸಡಿಲವಾಗಿ ಒಂದು ಜಡೆ ಹೆಣೆಯಿರಿ, ಇಲ್ಲವೇ ಗಿಡ್ಡ ಕತ್ತರಿಸಿ. ದಿನಾ ಒಮ್ಮೆ ಬೆರಳಾಡಿಸಿ. ಗಂಟು ಕಂಡರೆ ತಕ್ಷಣ ಸೋಪು, ಶಾಂಪೂ ಹಾಕಿ ಉಜ್ಜಬೇಡಿ, ಇನ್ನೂ ಬಿಗಿಯುತ್ತದೆ. ಒಣಗಿದ ಕೂದಲಿಗೇ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಒಂದು ಕೈಯಲ್ಲಿ ಬುಡ ಹಿಡಿದುಕೊಂಡು, ಇನ್ನೊಂದು ಕೈಯಿಂದ ತುದಿಯಿಂದ ಬಿಡಿಸುತ್ತಾ ಮೇಲೆ ಬನ್ನಿ. ಬಗ್ಗದಿದ್ದರೆ ಗಂಟನ್ನು ಉದ್ದುದ್ದಕ್ಕೆ ಸೀಳಿದರೆ ಒಂದಷ್ಟು ಕೂದಲು ಉಳಿಯುತ್ತದೆ. ತಲೆಗೆ ಅಂಟಿದ ಗಂಟಿಗೆ ಮನೆಯಲ್ಲಿ ಕತ್ತರಿ ಹಾಕಲೇಬೇಡಿ. ಗಂಟಿನ ಜೊತೆ ಚರ್ಮವೂ ಎದ್ದಿರುತ್ತದೆ, ಕತ್ತರಿಗೆ ಸಿಗುತ್ತದೆ. ಕೀವು, ಜ್ವರ, ಕತ್ತಿನಲ್ಲಿ ಊತ ಇದ್ದರೆ ಸೀದಾ ಡಾಕ್ಟರ ಹತ್ತಿರ ಹೋಗಿ.

ಗೋಕರ್ಣ, ಗೋವಾ ಕಡೆ ಬೀಚಿಗೆ ಹೋದಾಗ ಚಂದಕ್ಕೆ ಅಂತ ಮಕ್ಕಳಿಗೂ ಡ್ರೆಡ್‌ಲಾಕ್ಸ್ (ಬೇಕಂತಲೇ ಕೂದಲು ಗಂಟುಗಟ್ಟಿಸಿ ಮಾಡುವ ಜಡೆ) ಮಾಡಿಸುವವರಿಗೂ ಒಂದು ಮಾತು. ಆಫ್ರಿಕಾ ಮೂಲದ ಜನರ ಗುಂಗುರು ಕೂದಲಿಗೆ ಅದು ಒಗ್ಗುತ್ತದೆ. ಅವರು ಅದನ್ನು ತೊಳೆದು, ಒಣಗಿಸಿ, ಜೋಪಾನವಾಗಿ ನೋಡಿಕೊಳ್ಳುತ್ತಾರೆ. ನಮ್ಮ ಮಕ್ಕಳ ನೇರ, ನವಿರು ಕೂದಲನ್ನು ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ, ಕ್ರೋಶೆ ಸೂಜಿಯಿಂದ ಚುಚ್ಚಿ ಚುಚ್ಚಿ ಗಂಟು ಹಾಕಬೇಕಾಗುತ್ತದೆ. ಕೂದಲು ಮುರಿಯುತ್ತದೆ, ಬುಡ ಸದಾ ಎಳೆಯುತ್ತಿರುತ್ತದೆ. ಹೀಗೆ ಎಳೆತದಿಂದ ಉದುರಿದ ಕೂದಲು ಬೇಗ ಬಿಡಿಸಿದರೆ ಮತ್ತೆ ಬರುತ್ತದೆ. ತುಂಬಾ ದಿನ ಎಳೆದರೆ ಬುಡವೇ ಸಾಯುತ್ತದೆ. ನಮ್ಮ ಹುಡುಗಿಗೆ ಈಗ ಕೂದಲು ಭುಜದವರೆಗೆ ಬಂದಿದೆ. ಆದರೆ ಗಂಟು ಇದ್ದ ಕಡೆ ರೂಪಾಯಿ ನಾಣ್ಯದಗಲ ಜಾಗ ಇನ್ನೂ ಬೋಳಾಗಿಯೇ ಇದೆ.

ಮುತ್ತು ಕಟ್ಟಿಸುವ ಮಾತು ನಿಮ್ಮ ಓಣಿಯಲ್ಲಿ ಕಿವಿಗೆ ಬಿದ್ದರೆ ಅದು ಬೇರೆಯವರ ಮನೆ ವಿಷಯ ಅಂತ ಬಿಡಬೇಡಿ. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲೇ ಕಾಯ್ದೆಯಾಗಿದೆ. ಹೆತ್ತವರೋ ಸಂಬಂಧಿಕರೋ ಬಿಟ್ಟರೆ 2ರಿಂದ 5 ವರ್ಷ ಜೈಲು ಅಂತ ಆಗಲೇ ಅದರಲ್ಲಿ ಬರೆದಿತ್ತು. ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ಊರು, ಓಣಿ, ಮಗುವಿನ ವಯಸ್ಸು, ಯಾವ ಹುಣ್ಣಿಮೆಗೆ ಕರೆದೊಯ್ಯುವ ಮಾತಾಗಿದೆ ಅನ್ನುವುದನ್ನು ಸ್ಪಷ್ಟವಾಗಿ ಹೇಳಿ. ಹುಣ್ಣಿಮೆಗೆ ಸಾಕಷ್ಟು ಮುಂಚೆಯೇ ಹೇಳಿ.