ಓಲ್ಡ್ ಬೇಲಿಯ ರಂಪೋಲ್: ಯಾವ ಪುಸ್ತಕದಿಂದ ಶುರು ಮಾಡಬೇಕು?

ಜಾನ್ ಮಾರ್ಟಿಮರ್ ಅವರ ರಂಪೋಲ್ ಕಥೆಗಳಿಗೆ ಹೊಸಬರಾದವರು 1978ರ ಮೊದಲ ಸಂಕಲನ ‘ರಂಪೋಲ್ ಆಫ್ ದಿ ಬೇಲಿ’ಯನ್ನೇ ಕೊಳ್ಳಿ. ಆರೇ ಕಥೆಗಳ ಪುಸ್ತಕ. 1983ರಲ್ಲಿ ಬಂದ ಮೊದಲ ಆಮ್ನಿಬಸ್‌ನಲ್ಲಿ ಮೂರು ಪುಸ್ತಕಗಳು ಒಟ್ಟಿಗೆ ಸಿಗುತ್ತವೆ, ನಿಜ. ಆದರೆ ಈ ಕಥೆಗಳನ್ನು ಸಾಲಾಗಿ ಓದಿದರೆ ಮಾರ್ಟಿಮರ್ ಅವರು ಕಥೆ ಹೆಣೆಯುವ ಒಂದೇ ಅಚ್ಚು ಬೇಗ ಕಣ್ಣಿಗೆ ಬೀಳುತ್ತದೆ. ವಾರಕ್ಕೆ ಒಂದೆರಡು ಸಾಕು.

ಹೊರೇಸ್ ರಂಪೋಲ್ ಲಂಡನ್ನಿನ ಓಲ್ಡ್ ಬೇಲಿ ಕ್ರಿಮಿನಲ್ ಕೋರ್ಟಿನ ವಕೀಲ. ಮೊದಲ ಕಥೆಯಲ್ಲೇ 68ರ ಹೊಸ್ತಿಲಲ್ಲಿದ್ದಾನೆ. 2007ರ ಕಾದಂಬರಿಯಲ್ಲೂ ಅದೇ ಕೋಟು ತೊಟ್ಟು ವಾದಿಸುತ್ತಿದ್ದಾನೆ, ಲೆಕ್ಕ ಕೇಳಬಾರದು. ವೇಸ್ಟ್‌ಕೋಟಿನ ಮೇಲೆ ಚುರುಟಿನ ಬೂದಿ, ಸಂಜೆಗೆ ಪಾಮರಾಯ್ಸ್ ಬಾರಿನ ಅಗ್ಗದ ಕೆಂಪು ವೈನು, ಬಾಯಲ್ಲಿ ವರ್ಡ್ಸ್‌ವರ್ತ್. ತಪ್ಪೊಪ್ಪಿಕೊಳ್ಳಬೇಡ ಎಂಬುದು ಕಕ್ಷಿದಾರರಿಗೆ ಅವನ ಖಾಯಂ ಸಲಹೆ. ರಕ್ತದ ಕಲೆ, ಟೈಪ್‌ರೈಟರ್ ಅಕ್ಷರಗಳ ವಿಷಯದಲ್ಲಿ ತಜ್ಞ. ಮನೆಯಲ್ಲಿ ಹೆಂಡತಿ ಹಿಲ್ಡಾ. ನ್ಯಾಯಾಧೀಶರಿಗೆ ಹೆದರದವನು ಆಕೆಗೆ ಹೆದರುತ್ತಾನೆ.

ಪ್ರತಿ ಕಥೆಯೂ ಮೂರು ಎಳೆಗಳಲ್ಲಿ ಹೆಣೆದದ್ದು: ಕೋರ್ಟಿನ ಕೇಸು, ವಕೀಲರ ಕಚೇರಿಯ ಒಳಜಗಳ, ಮನೆಯ ಸಂಸಾರ. ಕಚೇರಿಯಲ್ಲಿ ಒಪೇರಾ ಹುಚ್ಚಿನ ಎರ್ಸ್ಕಿನ್ ಬ್ರೌನ್ ಇದ್ದಾನೆ. ಕೇಸೇ ಇಲ್ಲದ ಅಂಕಲ್ ಟಾಮ್ ಗುಮಾಸ್ತರ ಕೋಣೆಯಲ್ಲಿ ಗಾಲ್ಫ್ ಚೆಂಡು ಉರುಳಿಸುತ್ತಿರುತ್ತಾನೆ. ಒಳ್ಳೆಯ ಕಥೆಗಳಲ್ಲಿ ಈ ಎಳೆಗಳು ಒಂದನ್ನೊಂದು ಕೆಣಕುತ್ತವೆ. ‘ರಂಪೋಲ್ ಅಂಡ್ ದಿ ಯಂಗರ್ ಜನರೇಶನ್’ನಲ್ಲಿ ಟಿಮ್ಸನ್ ಎಂಬ ಕಳ್ಳರ ಮನೆತನದ ಹುಡುಗನ ಮೇಲೆ ದರೋಡೆ ಆರೋಪ. ಹೊಡೆದು ಬಡಿದು ದೋಚುವುದು ಆ ಮನೆತನದ ಕಸುಬಲ್ಲ, ಅದೇ ಅವರಿಗೆ ಅವಮಾನ! ಎದುರಾಳಿ ಮೊಲ್ಲಾಯ್ ಮನೆತನದ ಹುಡುಗ, ‘ನನ್ನ ಮುಂದೆ ತಪ್ಪು ಒಪ್ಪಿಕೊಂಡ’ ಎಂದು ಸಾಕ್ಷಿ ಹೇಳುತ್ತಾನೆ. ಇದರ ನಡುವೆಯೇ ಕಚೇರಿಯ ಮುಖ್ಯಸ್ಥನ ಪಟ್ಟ ರಂಪೋಲ್‌ನ ಕೈತಪ್ಪಿ ಗಥ್ರಿ ಫೆದರ್‌ಸ್ಟೋನ್ ಪಾಲಾಗುತ್ತದೆ.

ಇವುಗಳ ನಿಜವಾದ ಬೆಲೆ ಪಾಟೀ ಸವಾಲಿನಲ್ಲಿದೆ. ಮಾರ್ಟಿಮರ್ 1948ರಲ್ಲಿ ಬ್ಯಾರಿಸ್ಟರ್ ಆದವರು, 1966ರಲ್ಲಿ ಕ್ವೀನ್ಸ್ ಕೌನ್ಸೆಲ್, ಅಂದರೆ ಹಿರಿಯ ವಕೀಲರ ಪದವಿ ಪಡೆದವರು. ಕೋರ್ಟಿನ ಒಳಗುಟ್ಟು ಬಲ್ಲವರು. ರಂಪೋಲ್ ಮೊದಲೇ ದೊಡ್ಡ ಪ್ರಶ್ನೆಗೆ ಕೈಹಾಕುವುದಿಲ್ಲ. ಪೊಲೀಸ್ ಸಾಕ್ಷಿ ‘ಹೌದು’ ಎನ್ನಲೇಬೇಕಾದ ಸಣ್ಣ ಪ್ರಶ್ನೆಗಳನ್ನು ಪೇರಿಸುತ್ತ ಹೋಗಿ, ಕೊನೆಯ ಪ್ರಶ್ನೆಯನ್ನು ಜ್ಯೂರಿಯ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡದ, ಕಡೆಗೆ ತಿರುಗಿ ಕೇಳುತ್ತಾನೆ. ನ್ಯಾಯಾಧೀಶ ಸಿಡುಕಿದಷ್ಟೂ ಜ್ಯೂರಿಯ ಒಲವು ತನ್ನ ಕಡೆಗೆ ಎಂಬುದು ಅವನ ಲೆಕ್ಕ. ಆದ್ದರಿಂದಲೇ ‘ಹುಚ್ಚು ಗೂಳಿ’ ಎಂದು ಕರೆಸಿಕೊಳ್ಳುವ ಬುಲ್ಲಿಂಗ್‌ಹ್ಯಾಮ್ ಪೀಠದಲ್ಲಿದ್ದರೆ ಕಥೆ ರಂಗೇರುತ್ತದೆ.

ಆದರೆ ಮೊದಲ ಸಂಕಲನದ ಅತ್ಯುತ್ತಮ ಕಥೆಯಲ್ಲಿ ಗೆಲುವಿಲ್ಲ. ‘ರಂಪೋಲ್ ಅಂಡ್ ದಿ ಆಲ್ಟರ್ನೇಟಿವ್ ಸೊಸೈಟಿ’ಯಲ್ಲಿ ಮಾದಕವಸ್ತು ಕೇಸಿನ ಹುಡುಗಿ ತನ್ನ ವಕೀಲನಿಗೆ ನಿಜ ಹೇಳಿಬಿಡುತ್ತಾಳೆ. ಅಲ್ಲಿಗೆ ಅವನ ಕೈ ಕಟ್ಟಿತು. ಕಕ್ಷಿದಾರರು ಒಪ್ಪಿಕೊಂಡ ಮೇಲೆ ಸುಳ್ಳು ಕಥೆಯನ್ನು ಕೋರ್ಟಿನ ಮುಂದಿಡಲು ವಕೀಲಿ ಧರ್ಮ ಬಿಡುವುದಿಲ್ಲ. ನಗಿಸುತ್ತ ಬಂದ ಕಥೆ ಇಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಾನೂನು ಓದುವವರು ಇದೊಂದನ್ನಾದರೂ ಓದಬೇಕು.

ನಮ್ಮ ಕಡೆಯ ಓದುಗರಿಗೆ ಒಂದಿಷ್ಟು ಪೂರ್ವಸಿದ್ಧತೆ ಬೇಕು. ಇಂಗ್ಲೆಂಡಿನಲ್ಲಿ ಕಕ್ಷಿದಾರನನ್ನು ಕರೆತರುವವನು ಸಾಲಿಸಿಟರ್, ಕೋರ್ಟಿನಲ್ಲಿ ಹೆಚ್ಚಾಗಿ ವಾದಿಸುವವನು ಬ್ಯಾರಿಸ್ಟರ್. ಸಾಲಿಸಿಟರ್‌ಗಳಿಂದ ಬಂದ ಕೇಸು ಹಂಚುವ ಗುಮಾಸ್ತ ಹೆನ್ರಿಗೆ ಕಚೇರಿಯಲ್ಲಿ ಅಷ್ಟು ಗತ್ತು ಇರುವುದು ಅದಕ್ಕೇ. ದೊಡ್ಡ ಕೊಲೆ ಕೇಸುಗಳನ್ನು ಸಾಮಾನ್ಯವಾಗಿ ಕ್ವೀನ್ಸ್ ಕೌನ್ಸೆಲ್ ಮುನ್ನಡೆಸುತ್ತಿದ್ದ ಕಾಲವದು. ಪೆಂಜ್ ಬಂಗ್ಲೋ ಕೊಲೆ ಕೇಸನ್ನು ಒಬ್ಬನೇ ಗೆದ್ದೆ ಎಂದು ರಂಪೋಲ್ ಪದೇ ಪದೇ ಕೊಚ್ಚಿಕೊಳ್ಳುವುದರ ಹಿನ್ನೆಲೆ ಇದು. ಪೊಲೀಸರ ನೋಟ್‌ಬುಕ್ಕಿನ ಬಗ್ಗೆ ಇಷ್ಟೊಂದು ಜಗ್ಗಾಟ ಯಾಕೆಂದೂ ಅನ್ನಿಸಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು ನಮ್ಮಲ್ಲಿ ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಬಿಡುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಅದು ನಡೆಯುತ್ತಿತ್ತು. 1984ರ ಪೊಲೀಸ್ ಕಾಯಿದೆಯ ನಂತರ ಠಾಣೆಯ ವಿಚಾರಣೆ ಟೇಪಿಗೆ ಹೋಯಿತು. ಅದಕ್ಕೂ ಮೊದಲು ಆರೋಪಿ ಹೇಳಿದ್ದು ಎಂದು ಪೇದೆ ಬರೆದುಕೊಂಡದ್ದೇ ಆಧಾರ. ಇನ್ನು ಜ್ಯೂರಿ. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ರಂಪೋಲ್ ಆಗಾಗ ಎತ್ತುವ ‘ಚಿನ್ನದ ಎಳೆ’ ಮಾತ್ರ ಇಲ್ಲಿನ ವಕೀಲರಿಗೂ ಪರಿಚಿತ: ಆರೋಪ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು ಎಂಬ, 1935ರ ವೂಲ್ಮಿಂಗ್ಟನ್ ತೀರ್ಪಿನ ಮಾತು.

ಕೊರತೆಗಳೂ ಉಂಟು. ಹಿಲ್ಡಾಳನ್ನು ಕುರಿತ ಒಂದೇ ನಗೆ ಹತ್ತಾರು ಕಥೆಗಳಲ್ಲಿ ಮರುಕಳಿಸುತ್ತದೆ. ಆಕೆಗೆ ತನ್ನದೇ ದನಿ ಸಿಗಲು ಬಹಳ ಕಾಯಬೇಕು. ‘ರಂಪೋಲ್ ಅಂಡ್ ದಿ ಆನರಬಲ್ ಮೆಂಬರ್’ನಲ್ಲಿ ಅತ್ಯಾಚಾರ ಆರೋಪ ಹೊತ್ತ ಸಂಸದನ ಪರ ರಂಪೋಲ್ ಮಾಡುವ ಪಾಟೀ ಸವಾಲು ಇಂದು ಓದಲು ಕಿರಿಕಿರಿ. ಕಥೆಯೊಳಗೇ ಮಗನ ಗೆಳತಿ ಅದನ್ನು ಖಂಡಿಸುತ್ತಾಳೆ ಎಂಬುದು ಅರ್ಧ ಸಮಾಧಾನ. ವಿಚ್ಛೇದನದ ‘ಮ್ಯಾರಿಡ್ ಲೇಡಿ’ ಕೂಡ ಪೇಲವ. ಕ್ರಿಮಿನಲ್ ಕೋರ್ಟಿನಿಂದ ಹೊರಗೆ ರಂಪೋಲ್ ನೀರು ಬಿಟ್ಟ ಮೀನು. ಕಥೆಗಳು ಟೀವಿಗಾಗಿ ಹುಟ್ಟಿದವು: 1975ರ ಬಿಬಿಸಿ ನಾಟಕ, ಆಮೇಲೆ 1978ರಿಂದ 1992ರವರೆಗೆ ಥೇಮ್ಸ್ ಟೆಲಿವಿಷನ್ನಿನ ಸರಣಿ. ಸಂಭಾಷಣೆ ಚುರುಕಾಗಿ, ಪರಿಸರದ ವರ್ಣನೆ ತೆಳ್ಳಗಿರಲು ಅದೂ ಒಂದು ಕಾರಣ. ಟೀವಿಯಲ್ಲಿ ರಂಪೋಲ್ ಆಗಿದ್ದ ಲಿಯೋ ಮೆಕರ್ನ್ ಅಭಿನಯ ನೋಡಿದವರಿಗೆ ಪುಸ್ತಕದಲ್ಲೂ ಅವರ ದನಿಯೇ ಕೇಳುತ್ತದೆ.

ಮೊದಲನೆಯದು ಹಿಡಿಸಿದರೆ 1979ರ ‘ದಿ ಟ್ರಯಲ್ಸ್ ಆಫ್ ರಂಪೋಲ್’, ಆಮೇಲೆ 1983ರ ‘ಗೋಲ್ಡನ್ ಥ್ರೆಡ್’ ತೆಗೆದುಕೊಳ್ಳಿ. ‘ಗೋಲ್ಡನ್ ಥ್ರೆಡ್’ನ ಹೆಸರಿನದೇ ಕಥೆಯಲ್ಲಿ ರಂಪೋಲ್ ಕಲ್ಪಿತ ಆಫ್ರಿಕನ್ ದೇಶವೊಂದಕ್ಕೆ ಹೋಗಿ ಮರಣದಂಡನೆಯ ಕೇಸು ನಡೆಸುತ್ತಾನೆ. 1980ರ ‘ರಂಪೋಲ್ಸ್ ರಿಟರ್ನ್’ ಕಾದಂಬರಿ, ಉದ್ದಕ್ಕೆ ಎಳೆದಂತಿದೆ, ಬಿಟ್ಟರೂ ನಷ್ಟವಿಲ್ಲ. 2001ರ ನಂತರದ ಸಂಕಲನಗಳಲ್ಲಿ ಕೇಸುಗಳು ಸಡಿಲ, ಸರ್ಕಾರದ ಮೇಲಿನ ಗೊಣಗಾಟ ಜಾಸ್ತಿ. 2004ರ ‘ಪೆಂಜ್ ಬಂಗ್ಲೋ ಮರ್ಡರ್ಸ್’ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದರೂ ಪಕ್ಕಕ್ಕಿಡಿ. ಇಪ್ಪತ್ತೈದು ವರ್ಷ ಬರೀ ಬಡಾಯಿಯಾಗಿದ್ದ ಆ ಕೇಸಿನ ಪೂರ್ತಿ ಕಥೆ ಅದರಲ್ಲಿದೆ; ಬಡಾಯಿ ಕೇಳಿ ಕೇಳಿ ಸಾಕಾದವರಿಗಷ್ಟೇ ಅದರ ಮಜಾ.