ಹುಣ್ಣಿಮೆ ರಾತ್ರಿ ‘ಹೊಳೆಯುವ ಸಮುದ್ರ’ ತೋರಿಸ್ತೀವಿ ಅಂದ್ರೆ ದುಡ್ಡು ಕಟ್ಟಬೇಡಿ

ಅಂಡಮಾನಿಗೆ ಹೊರಟಿರುವವರು, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನೊಮ್ಮೆ ಓದಿ. ಕಯಾಕ್‌ನಲ್ಲಿ ಕೂತು ಹುಟ್ಟು ಹಾಕಿದಲ್ಲೆಲ್ಲ ನೀಲಿ ಬೆಳಕು ಚಿಮ್ಮುವ ವಿಡಿಯೋ ನೀವೂ ನೋಡಿರುತ್ತೀರಿ. ನಾವೂ ನೋಡಿದ್ದೆವು. ಅದನ್ನು ಕಣ್ಣಾರೆ ನೋಡಬೇಕು ಅಂತ ಹೋಗಿ ಬೆಳಗಿನ ಜಾವ ಮೂರೂವರೆಗೆ ತೊಡೆ ಮುಳುಗುವ ಕೆಸರಿನಲ್ಲಿ ನಿಂತಿದ್ದೆವು. ಎಂಥ ಜಾಗದಲ್ಲಿ ನಿಂತಿದ್ದೆವು ಅನ್ನೋದು ಬೆಳಕು ಹರಿದ ಮೇಲೆ ಗೊತ್ತಾಯಿತು.

ಊರು ಹ್ಯಾವ್‌ಲಾಕ್. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಆದರೂ ಆಟೋದವರ ಬಾಯಲ್ಲಿ ಈಗಲೂ ಹ್ಯಾವ್‌ಲಾಕೇ. ಫೆಬ್ರವರಿ ತಿಂಗಳು. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು. ಬೀಚು, ಸ್ನಾರ್ಕೆಲಿಂಗ್ ಎಲ್ಲರೂ ಮಾಡುತ್ತಾರೆ, ನಾವು ಬೇರೆ ಏನಾದರೂ ನೋಡೋಣ ಅಂತ ಮಗಳ ಹಟ. ಹೊರಡುವ ಮೊದಲೇ ಫೋನಿನಲ್ಲಿ ಹುಡುಕಿ ಒಬ್ಬರನ್ನು ಹಿಡಿದೆವು. ತಲೆಗೆ 3,500 ರೂಪಾಯಿ. ಮೂವರದ್ದು ಪೂರ್ತಿ ಮುಂಗಡವಾಗಿ ಕಳಿಸಿದರೆ ಮಾತ್ರ ಬುಕಿಂಗ್. ಕಳಿಸಿದೆವು.

ನಾನು ಕೇಳಬೇಕಾದ್ದೆಲ್ಲ ಕೇಳಿದ್ದೆ ಅಂದುಕೊಂಡಿದ್ದೆ. ಮಗು ಬರಬಹುದಾ? ಬರಬಹುದು. ಈಜು ಬರಲ್ಲ, ಪರವಾಗಿಲ್ವಾ? ಲೈಫ್ ಜಾಕೆಟ್ ಇದೆ ಮೇಡಂ. ಫೋಟೋ ತೆಗೆದುಕೊಡ್ತೀರಾ? ಖಂಡಿತ. ಚಂದ್ರನ ಬಗ್ಗೆ ಮಾತ್ರ ಕೇಳಲಿಲ್ಲ.

ಆ ದಿನ ಸಂಜೆ ಅಮ್ಮ ಫೋನ್ ಮಾಡಿದ್ದರು. “ಇವತ್ತು ಭಾರತ ಹುಣ್ಣಿಮೆ ಕಣೇ, ರಾತ್ರಿ ಹೊತ್ತು ನೀರಿನ ಹತ್ರ ಹೋಗಬೇಡಿ” ಅಂದರು. ಅಮ್ಮಂದಿರು ಹೇಳುವ ನೂರು ಮಾತಿನಲ್ಲಿ ಇದೂ ಒಂದು ಅಂತ “ಹೂಂ ಹೂಂ” ಅಂದು ಇಟ್ಟುಬಿಟ್ಟೆ. ಅಲ್ಲಿ ಸೂರ್ಯ ಬೇಗ ಅಂಗಡಿ ಮುಚ್ಚುತ್ತಾನೆ, ಐದೂವರೆಗೆಲ್ಲ ಸಂಜೆ ಮುಗಿದಿರುತ್ತದೆ. ನಾವಿದ್ದದ್ದು ಪೂರ್ವಕ್ಕೆ ಮುಖ ಮಾಡಿದ ಬೀಚು. ಕಡಲಿನೊಳಗಿಂದ ಚಂದ್ರ ಹಿತ್ತಾಳೆ ತಟ್ಟೆಯ ಹಾಗೆ ಮೇಲೆ ಬಂದ. ಅವನ ಜೊತೆ ಮೂವರೂ ಸೆಲ್ಫಿ ತೆಗೆದುಕೊಂಡೆವು. ಸಮುದ್ರ ಹೊಳೆಯುವುದು ಬಿಡಿ, ನಮ್ಮ ತಲೆಗೇ ಹೊಳೆಯಲಿಲ್ಲ!

ಮೊದಲು ಹೇಳಿದ್ದು ರಾತ್ರಿ ಏಳೂವರೆ. ಆರು ಗಂಟೆಗೆ ಮೆಸೇಜ್ ಬಂತು: ಟೈಮ್ ಬದಲಾಗಿದೆ, ರಾತ್ರಿ ಒಂದೂವರೆಗೆ ಬನ್ನಿ, ಆಗ ಕತ್ತಲು ಜಾಸ್ತಿ ಇರುತ್ತದೆ. ಹುಣ್ಣಿಮೆಯ ದಿನ ರಾತ್ರಿ ಒಂದೂವರೆಗೆ ಎಲ್ಲಿಂದ ಬರಬೇಕು ಕತ್ತಲು? ಸೂರ್ಯ ಮುಳುಗುವಾಗ ಹುಟ್ಟಿದ ಚಂದ್ರ ಬೆಳಗಾಗುವವರೆಗೂ ಮೇಲೇ ಇರುತ್ತಾನೆ. ಇಷ್ಟು ಪುಟ್ಟ ಲೆಕ್ಕ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ದಡದಲ್ಲಿ ನಾಲ್ಕು ಕಯಾಕ್, ನಾವು ಎಂಟು ಜನ. ಕರೆದುಕೊಂಡು ಹೋಗಲು ಒಬ್ಬನೇ ಹುಡುಗ, ಇಪ್ಪತ್ತು ದಾಟಿರಲಿಲ್ಲ. ಹಣೆಗೆ ಒಂದು ಟಾರ್ಚು. ಮಗಳಿಗೆ ಕೊಟ್ಟದ್ದು ದೊಡ್ಡವರ ಲೈಫ್ ಜಾಕೆಟ್. ಹಾಕಿದರೆ ಮೊಣಕಾಲಿನ ತನಕ ಬರುತ್ತಿತ್ತು. ಎರಡು ಕ್ಲಿಪ್ ಇರಬೇಕಾದಲ್ಲಿ ಒಂದೇ ಇತ್ತು. ಇನ್ನೊಂದರ ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಹಗ್ಗ ಗಂಟು ಹಾಕಿದ್ದರು. ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿದೆ. ಜಾಕೆಟ್ ಕಿವಿಯ ತನಕ ಮೇಲೆ ಬಂತು, ಮಗಳು ಕೆಳಗೇ ಉಳಿದಳು. ನೀರಿಗೆ ಬಿದ್ದರೂ ಆಗುವುದು ಇದೇ. ಅಲ್ಲೇ “ಬೇಡ, ವಾಪಸ್ ಹೋಗ್ತೀವಿ” ಅನ್ನಬೇಕಿತ್ತು. ಅನ್ನಲಿಲ್ಲ. 10,500 ರೂಪಾಯಿ ಕೊಟ್ಟಾಗಿದೆ, ಮಗಳು ಒಂದು ತಿಂಗಳಿಂದ ಕಾಯುತ್ತಿದ್ದಾಳೆ, ಉಳಿದ ಐದು ಜನ ಆಗಲೇ ಕಯಾಕ್ ಹತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಬುದ್ಧಿ ಹೇಗೆ ಮುದುಡಿಕೊಳ್ಳುತ್ತದೆ ಅಂತ ನನಗೀಗ ಚೆನ್ನಾಗಿ ಗೊತ್ತು.

ಹುಟ್ಟು ಹಾಕಿದೆವು. ಬೆಳದಿಂಗಳು ಎಷ್ಟಿತ್ತು ಅಂದರೆ ವಾಚಿನ ಮುಳ್ಳು ಸಲೀಸಾಗಿ ಕಾಣುತ್ತಿತ್ತು. ನೀರು ಪಾದರಸದ ಹಾಗೆ ಬೆಳ್ಳಗೆ. ನೀಲಿ ಎಲ್ಲಿ? “ಆಗೇ ಹೈ, ಆಗೇ” ಅನ್ನುತ್ತಲೇ ಇದ್ದ ಹುಡುಗ.

ಆ ಬೆಳಕಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ, ಒಂದೇ ಕೋಶದ ಜೀವಿಗಳದ್ದು. ಡೈನೋಫ್ಲ್ಯಾಜೆಲೇಟ್ ಅನ್ನುತ್ತಾರೆ. ನೀರು ಕದಡಿದರೆ ಅವುಗಳ ಒಳಗೆ ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರಿ ಒಂದು ಮಿಂಚು ಹೊರಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಬಹಳ ಮಂದ ಬೆಳಕು. ಫೋಟೋಗಳಲ್ಲಿ ದೀಪಾವಳಿಯ ಹಾಗೆ ಕಾಣುವುದು ಕ್ಯಾಮೆರಾವನ್ನು ಎಷ್ಟೋ ಸೆಕೆಂಡು ತೆರೆದಿಟ್ಟು ತೆಗೆಯುವುದರಿಂದ. ನಮ್ಮ ಕಣ್ಣಿಗೆ ಆ ಅನುಕೂಲ ಇಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ನಡುವೆ ಯಾರಾದರೂ ಒಂದು ಸಲ ಬಿಳಿ ಟಾರ್ಚು ಹಾಕಿದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಬಲ್ಲವರು ಕೆಂಪು ದೀಪ ಇಟ್ಟುಕೊಳ್ಳುತ್ತಾರೆ. ಬೆಳದಿಂಗಳಲ್ಲಿ ಜೀವಿಗಳು ನೀರಿನಲ್ಲಿ ಇದ್ದರೂ ಕಾಣುವುದು ಕಷ್ಟ, ಹಗಲು ನಕ್ಷತ್ರ ಕಾಣದ ಹಾಗೆ.

ಬೆಳಕು ಕಾಣದೆ ಎಲ್ಲರೂ ಗೊಣಗಲು ಶುರು ಮಾಡಿದಾಗ ಹುಡುಗ ನಮ್ಮನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಒಂದು ಸಣ್ಣ ಕಾಲುವೆಗೆ ತಿರುಗಿಸಿದ. ಅಲ್ಲಿ ಗಿಡಗಳ ನೆರಳಿತ್ತು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಒಂದು ಕ್ಷಣ ಕಂಡಿತು. ಬೇರುಗಳ ಕೆಳಗೆ ಕಪ್ಪು ಕಟ್ಟಿದ ನೀರಿನಲ್ಲಿ ಮಗಳು ಕೈ ಇಳಿಬಿಟ್ಟಳು. ಬೆರಳ ಸಂದಿಯಿಂದ ರಂಗೋಲಿ ಪುಡಿ ಉದುರಿದ ಹಾಗೆ ನಾಲ್ಕಾರು ಚುಕ್ಕಿ. “ಅಮ್ಮಾ, ನೋಡು ನೋಡು” ಅಂದಳು. ಅಷ್ಟರಲ್ಲಿ ಹುಡುಗ ಏನಾಯಿತೋ ಅಂತ ತಿರುಗಿ ಹಣೆಯ ಟಾರ್ಚನ್ನು ನೇರ ನಮ್ಮ ಮುಖಕ್ಕೆ ಬಿಟ್ಟ. ಅಲ್ಲಿಗೆ ಮುಗಿಯಿತು.

ಸ್ವಲ್ಪ ಹೊತ್ತಿಗೆ ಕಯಾಕಿನ ತಳ ಕರ್‌ರ್ ಅಂತ ಕೆರೆಯಿತು. ಇನ್ನೊಂದು ಹುಟ್ಟು ಹಾಕಿದರೆ ಹುಟ್ಟಿಗೆ ಸಿಕ್ಕಿದ್ದು ನೀರಲ್ಲ, ಕೆಸರು. ಹಿಂದೆ ತಿರುಗೋಣ ಅಂದರೆ ಬಂದ ದಾರಿಯಲ್ಲೂ ನೀರಿಲ್ಲ. ಇಳಿತ ಶುರುವಾಗಿ ನಾಲ್ಕೈದು ಗಂಟೆ ಆಗಿತ್ತು.

ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಎರಡೂ ಒಂದೇ ಗೆರೆಯಲ್ಲಿ ಎಳೆಯುತ್ತವೆ. ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಂಡಮಾನಿನಲ್ಲಿ ಆ ದಿನಗಳಲ್ಲಿ ನೀರಿನ ಮಟ್ಟ ಸುಮಾರು 2 ಮೀಟರ್ ಏರಿ ಇಳಿಯುತ್ತದೆ. ತೀರ ಚಪ್ಪಟೆ ಇರುವ ಕಡೆ 2 ಮೀಟರ್ ಅಂದರೆ ಸಮುದ್ರ ಎದ್ದು ಎಲ್ಲೋ ದೂರ ಹೋಗಿಬಿಡುತ್ತದೆ. ವಾಪಸ್ ಬಂದ ಮೇಲೆ ಆ ದಿನದ ಉಬ್ಬರ-ಇಳಿತದ ಪಟ್ಟಿ ತೆಗೆದು ನೋಡಿದೆ. ರಾತ್ರಿ ಹತ್ತರ ಸುಮಾರಿಗೆ ನೀರು ತುಂಬಿದೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ತೀರಾ ತಳ ಕಂಡಿದೆ. ಮೊದಲು ಹೇಳಿದ ಹಾಗೆ ಏಳೂವರೆಗೇ ಹೋಗಿದ್ದರೆ ಕಡೇ ಪಕ್ಷ ನೀರು ಏರುತ್ತಿತ್ತು, ಸಿಕ್ಕಿಬೀಳುತ್ತಿರಲಿಲ್ಲ. ಬಹುಶಃ ಆ ಹೊತ್ತಿಗೆ ಬೇರೆ ಗುಂಪಿಗೆ ಕಯಾಕ್ ಕೊಟ್ಟಿದ್ದರು ಅಂತ ನನ್ನ ಅನುಮಾನ.

ನಮ್ಮ ಯಜಮಾನರೂ ಹುಡುಗನೂ ಇಳಿದು ಎಳೆಯಲು ನೋಡಿದರು. ಇಳಿದ ಕಾಲು ತೊಡೆಯ ತನಕ ಹೋಯಿತು. ಕೊಳೆತ ಮೊಟ್ಟೆಯ ವಾಸನೆ ಗಪ್ಪಂತ ಎದ್ದಿತು. ನಾನೂ ಇಳಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು, ಇವತ್ತಿಗೂ ಅಲ್ಲೇ ಇರಬೇಕು. ಕಾಂಡ್ಲಾ ಬೇರುಗಳಿಗೆ ಚಿಪ್ಪು ಅಂಟಿಕೊಂಡಿರುತ್ತವಲ್ಲ, ಅವು ಬ್ಲೇಡಿಗಿಂತ ಹರಿತ. ಮೊಣಕಾಲಿನ ಕೆಳಗೆ ನಾಲ್ಕು ಇಂಚು ಸೀಳಿದ್ದು ಆಗ ಗೊತ್ತೇ ಆಗಲಿಲ್ಲ. ಮಗಳು ಮಾತ್ರ ಕಯಾಕಿನಲ್ಲೇ ಕೂತಿದ್ದಳು, ಮಾತಿಲ್ಲ, ಜಾಕೆಟ್ಟಿನೊಳಗೆ ಗಲ್ಲ ಹುದುಗಿಸಿಕೊಂಡು. 2020ರಲ್ಲಿ ಸಮುದ್ರದಡಿಯ ಕೇಬಲ್ ಬಂದ ಮೇಲೆ ದ್ವೀಪದಲ್ಲಿ ನೆಟ್‌ವರ್ಕ್ ಸುಧಾರಿಸಿದೆ ಅನ್ನುತ್ತಾರೆ. ಆ ಕಾಲುವೆಯೊಳಗೆ ಎಂಟು ಫೋನಿನಲ್ಲಿ ಒಂದಕ್ಕೂ ಒಂದು ಕಡ್ಡಿ ಸಿಗ್ನಲ್ ಬರಲಿಲ್ಲ. ಎಳೆದು ಸಾಕಾಗಿ ಎಲ್ಲರೂ ಕಯಾಕ್ ಹತ್ತಿ ಕೂತೆವು. ಮರಳುನೊಣಗಳು ಹಬ್ಬ ಮಾಡಿದವು.

ಐದೂವರೆ ಹೊತ್ತಿಗೆ ನೀರು ವಾಪಸ್ ಬಂತು, ಬೆಳಕೂ ಬಂತು. ಹುಟ್ಟು ಹಾಕುತ್ತಾ ಕಾಲುವೆಯ ಬಾಯಿಗೆ ಬಂದೆವು. ದಡದಲ್ಲಿ ಒಂದು ಬೋರ್ಡು. ಬಾಯಿ ತೆರೆದ ಮೊಸಳೆಯ ಚಿತ್ರ, ಕೆಳಗೆ ನೀರಿಗೆ ಇಳಿಯಬೇಡಿ ಅಂತ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ.

ಯಜಮಾನರು ಹುಡುಗನ ಮುಖ ನೋಡಿದರು. “ಹಳೇ ಬೋರ್ಡು ಸಾರ್, ಈ ಕಡೆ ಬರಲ್ಲ” ಅಂದ.

ಬರುತ್ತವೆ. ಅಂಡಮಾನಿನಲ್ಲಿರುವುದು ಉಪ್ಪುನೀರಿನ ಮೊಸಳೆ. ಇವತ್ತು ಬದುಕಿರುವ ಸರೀಸೃಪಗಳಲ್ಲೇ ಅದು ಅತಿ ದೊಡ್ಡದು. ಕಾಂಡ್ಲಾ ಕಾಲುವೆಗಳೇ ಅದರ ಮನೆ, ರಾತ್ರಿ ಅದರ ಬೇಟೆಯ ಹೊತ್ತು. 2010ರಲ್ಲಿ ಇದೇ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತ್ತು. ನಾನು ಇದನ್ನು ಓದಿದ್ದು ವಾಪಸ್ ಬಂದು ಕಾಲಿಗೆ ಹೊಲಿಗೆ ಹಾಕಿಸಿಕೊಂಡ ಮೇಲೆ. ರಕ್ತ ಸುರಿಯುವ ಕಾಲನ್ನು ಆ ನೀರಿನಲ್ಲೇ ತೊಳೆದಿದ್ದೆ.

ಮಾಲೀಕರಿಗೆ ಫೋನ್ ಮಾಡಿದೆವು. “ನೇಚರ್ ಮೇಡಂ, ಗ್ಯಾರಂಟಿ ಕೊಡಕ್ಕಾಗಲ್ಲ” ಅಂದರು. ಜೀವಿಗಳು ಬರುತ್ತವೋ ಇಲ್ಲವೋ, ಅದಕ್ಕೆ ಗ್ಯಾರಂಟಿ ಇಲ್ಲ, ಒಪ್ಪಿದೆ. ಆದರೆ ಚಂದ್ರ? ವರ್ಷದ ಎಲ್ಲ ಹುಣ್ಣಿಮೆಯೂ ಯುಗಾದಿಗೆ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಉಬ್ಬರ-ಇಳಿತದ ಹೊತ್ತೂ ಅಷ್ಟೇ, ಮುಂಚೆಯೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಇದೆಲ್ಲ ಗೊತ್ತಿದ್ದೇ ಮಾರಿದ್ದು. ನಾವಿದ್ದ ಹೋಂಸ್ಟೇಯ ದೀದಿ ನಮ್ಮ ಅವತಾರ ನೋಡಿ ತಲೆ ಚಚ್ಚಿಕೊಂಡರು. ಸರಿಯಾದವರು ಹುಣ್ಣಿಮೆಯ ಹಿಂದೆ ಮುಂದೆ ನಾಲ್ಕೈದು ದಿನ ಬುಕಿಂಗೇ ತೆಗೆದುಕೊಳ್ಳುವುದಿಲ್ಲವಂತೆ.

ಹೋಗಲೇಬೇಡಿ ಅನ್ನುತ್ತಿಲ್ಲ. ಆ ನಾಲ್ಕು ಚುಕ್ಕಿ ನೋಡಿದ ಮೇಲೆ ನನಗೇ ಇನ್ನೊಮ್ಮೆ ಹೋಗುವ ಆಸೆ ಇದೆ. ಅಮಾವಾಸ್ಯೆ ಆಸುಪಾಸಿನ ದಿನ ಹಿಡಿಯಿರಿ. ಆದರೆ ಆಗಲೂ ಇಳಿತ ಇಷ್ಟೇ ಜೋರು, ಆದ್ದರಿಂದ ನೀರು ಏರುತ್ತಿರುವ ಹೊತ್ತಿಗೆ ಹೋಗಿ ತುಂಬಿರುವಾಗಲೇ ವಾಪಸ್ ಬರುವ ಹಾಗಿರಬೇಕು. ಹಿಂದೊಬ್ಬರು ಮುಂದೊಬ್ಬರು ಗೈಡ್ ಇರುತ್ತಾರಾ ಅಂತ ಕೇಳಿ. ಮಕ್ಕಳ ಅಳತೆಯ ಜಾಕೆಟ್ಟಿನ ಫೋಟೋ ಕಳಿಸಲು ಹೇಳಿ. ಹಗಲಲ್ಲೇ ಒಮ್ಮೆ ಆ ಜಾಗಕ್ಕೆ ಹೋಗಿ ಬೋರ್ಡು ಏನಾದರೂ ಇದೆಯಾ ನೋಡಿ. ಟೈಮ್ ಬದಲಾಯಿಸಿದರೆ ಯಾಕೆ ಅಂತ ಕೇಳಿ, ಉತ್ತರ ಹಿಡಿಸದಿದ್ದರೆ ದುಡ್ಡು ಹೋದರೂ ಹೋಗಲಿ, ಮಲಗಿ ನಿದ್ದೆ ಮಾಡಿ.

ಅಂದ ಹಾಗೆ, ‘ಬೇರೆ ಥರದ ಅನುಭವ’ ಅಂತ ಅಲ್ಲಿ ಇನ್ನೊಂದನ್ನೂ ಪಿಸುಗುಟ್ಟಿ ಮಾರುತ್ತಾರೆ. ಬಾರಾಟಾಂಗ್‌ನ ಸುಣ್ಣದ ಗುಹೆಗೆ ಹೋಗುವ ರಸ್ತೆ ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನ ಮೂಲಕ ಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಗಾಡಿಗಳನ್ನು ಸಾಲಾಗಿ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ತಿಂಡಿ ಕೊಡುವ ಹಾಗಿಲ್ಲ. ಆದರೂ ಒಬ್ಬ ಡ್ರೈವರ್ “ಅದೃಷ್ಟ ಇದ್ದರೆ ತೋರಿಸ್ತೀನಿ” ಅಂತ ಕಣ್ಣು ಹೊಡೆದ. ಮನುಷ್ಯರನ್ನು ನೋಡಲು ಟಿಕೆಟ್ ಬೇರೆ! ಆ ಗಾಡಿ ಹತ್ತಲಿಲ್ಲ. ಆ ಪ್ರವಾಸದಲ್ಲಿ ನಾವು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಮ್ಮ ನಂಬರನ್ನು ಬ್ಲಾಕ್ ಮಾಡಿದ್ದಾರೆ. ನಿನ್ನೆ ಮಗಳ ಫೋನಿನಿಂದ ಅವರ ಪೇಜ್ ನೋಡಿದೆ. ಅದೇ ನೀಲಿ ಫೋಟೋ, ಮುಂದಿನ ಶನಿವಾರಕ್ಕೆ ‘ಕೆಲವೇ ಸೀಟು ಬಾಕಿ’. ಗೋಡೆಯ ಕ್ಯಾಲೆಂಡರಿನಲ್ಲಿ ಆ ಶನಿವಾರದ ಮೇಲೆ ದುಂಡಗಿನ ಬಿಳಿ ಚಂದ್ರನ ಗುರುತಿದೆ.