ಫ್ಯಾಂಟಮ್-06: ಮನೆಯಲ್ಲೇ ಹಾಡು ಕಟ್ಟುವವರಿಗೆ ಒಂದು ವರ್ಕ್‌ಸ್ಟೇಷನ್ ಕೀಬೋರ್ಡ್

ಭಾವಗೀತೆ, ಭಕ್ತಿಗೀತೆಗಳಿಗೆ ರಾಗ ಸಂಯೋಜಿಸಿ, ಹಿನ್ನೆಲೆ ವಾದ್ಯಗಳನ್ನೆಲ್ಲ ಮನೆಯಲ್ಲೇ ಕೂಡಿಸಿ, ಗಾಯಕರು ಬಂದು ಹಾಡುವ ಹಂತಕ್ಕೆ ತರುವುದು ನನ್ನ ಕೆಲಸ. ಇದಕ್ಕಾಗಿ ರೋಲ್ಯಾಂಡ್ ಕಂಪನಿಯ ಫ್ಯಾಂಟಮ್-06 ಕೊಳ್ಳುವ ಮೊದಲು ಯಮಾಹಾ ಮೋಡ್‌ಎಕ್ಸ್6+ ಅನ್ನು ಸ್ನೇಹಿತರೊಬ್ಬರ ಸ್ಟುಡಿಯೋದಲ್ಲಿ ಕೆಲವು ವಾರ ಬಳಸಿದ್ದೆ; ಕೋರ್ಗ್ ನಾಟಿಲಸ್ 61ರ ಮುಂದೆ ಎರಡು ಮಧ್ಯಾಹ್ನ ಕುಳಿತು ನುಡಿಸಿದ್ದೆ. ಇಂಥದೇ ಆಯ್ಕೆಯ ಮುಂದೆ ನಿಂತಿರುವವರಿಗೆ ಉಪಯೋಗವಾಗಲಿ ಎಂದು ಈ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದ ಕೂಡಲೇ ತಾನಾಗಿಯೇ ತಾಳ, ಬೇಸ್, ಗಿಟಾರ್‌ಗಳನ್ನು ನುಡಿಸುವ ಕೀಬೋರ್ಡ್‌ಗಳಿಗೆ ಅರೇಂಜರ್ ಎಂದು ಹೆಸರು. ಆರ್ಕೆಸ್ಟ್ರಾ ವೇದಿಕೆಗೆ ಅವು ಬಹಳ ಅನುಕೂಲ. ವರ್ಕ್‌ಸ್ಟೇಷನ್ ಬೇರೆಯದೇ ಬಗೆಯ ಯಂತ್ರ: ಅದರಲ್ಲಿ ನಾದಗಳೂ, ಎಫೆಕ್ಟ್‌ಗಳೂ, ನುಡಿಸಿದ್ದನ್ನು ಟ್ರ್ಯಾಕ್ ಟ್ರ್ಯಾಕ್ ಆಗಿ ದಾಖಲಿಸಿಕೊಳ್ಳುವ ಸೀಕ್ವೆನ್ಸರೂ ಒಂದೇ ಮೈಯಲ್ಲಿ ಇರುತ್ತವೆ, ಆದರೆ ಏನು ನುಡಿಸಬೇಕೆಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು. 1988ರಲ್ಲಿ ಬಂದ ಕೋರ್ಗ್ ಎಂ1 ಈ ಕಲ್ಪನೆಯನ್ನು ಸಾಮಾನ್ಯ ಸಂಗೀತಗಾರರ ಕೈಗೆ ತಲುಪಿಸಿತು. ಅದರ ಸೀಕ್ವೆನ್ಸರ್‌ನಲ್ಲಿ ಇದ್ದದ್ದು ಎಂಟೇ ಟ್ರ್ಯಾಕ್. ನಾನು ಹೇಳುತ್ತಿರುವ ಮೂರೂ ಯಂತ್ರಗಳಲ್ಲಿ ಈಗ ಹದಿನಾರು ಟ್ರ್ಯಾಕ್ ಇವೆ.

ಕೊಳ್ಳಲು ಹೋದವರಿಗೆ ಸಾಮಾನ್ಯವಾಗಿ ಮೊದಲು ಹೇಳುವುದು ನಾದಗಳ ಸಂಖ್ಯೆಯನ್ನು. ಸಾವಿರಾರು ಟೋನ್‌ಗಳಿವೆ ಎಂಬ ಮಾತಿಗೆ ಮರುಳಾಗಿ ಹಿಂದೊಮ್ಮೆ ನಾನು ಕೊಂಡ ಬೇರೊಂದು ಕೀಬೋರ್ಡಿನಲ್ಲಿ ಮೂರು ವರ್ಷಗಳಲ್ಲಿ ನಲವತ್ತು ಟೋನ್‌ಗಳನ್ನೂ ಬಳಸಲಿಲ್ಲ, ಆದರೆ ಒಂದು ತಪ್ಪು ಸ್ವರವನ್ನು ತಿದ್ದಬೇಕಾದಾಗಲೆಲ್ಲ ಇಡೀ ಸಾಲನ್ನು ಮತ್ತೆ ನುಡಿಸಬೇಕಾಗುತ್ತಿತ್ತು. ಆದ್ದರಿಂದ ಈ ಸಲ ಸೀಕ್ವೆನ್ಸರನ್ನೇ ಮೊದಲು ನೋಡಿದೆ. ನಾಟಿಲಸ್‌ನದು ಆದಿಯಿಂದ ಅಂತ್ಯದವರೆಗೆ ಟೇಪಿನ ಹಾಗೆ ಸಾಗುವ ಹಳೆಯ ಕ್ರಮ. ನುಡಿಸಿದ ಸ್ವರಗಳ ವಿವರವನ್ನು ಹಿಡಿದಿಡುವ ಹದಿನಾರು ಮಿಡಿ ಟ್ರ್ಯಾಕ್‌ಗಳ ಜೊತೆಗೆ ಹಾಡುಗಾರಿಕೆಯನ್ನೇ ಮುದ್ರಿಸಿಕೊಳ್ಳಬಲ್ಲ ಹದಿನಾರು ಆಡಿಯೋ ಟ್ರ್ಯಾಕ್‌ಗಳೂ ಅದರಲ್ಲಿರುವುದರಿಂದ, ಕಂಪ್ಯೂಟರ್ ಬೇಡವೇ ಬೇಡ ಎನ್ನುವವರಿಗೆ ಅದಕ್ಕಿಂತ ಪೂರ್ಣವಾದದ್ದು ಈ ಮೂರರಲ್ಲಿ ಇಲ್ಲ. ಮೋಡ್‌ಎಕ್ಸ್6+ನಲ್ಲಿ ದಾಖಲಿಸುವುದು ಸುಲಭ, ಆದರೆ ದಾಖಲಾದ ಒಂದೊಂದು ಸ್ವರವನ್ನೂ ಹಿಡಿದು ತಿದ್ದುವ ಸೌಕರ್ಯ ಯಂತ್ರದಲ್ಲಿಲ್ಲ. ಅದಕ್ಕೆ ಕಂಪ್ಯೂಟರ್‌ಗೇ ಹೋಗಬೇಕು. ಫ್ಯಾಂಟಮ್-06ರಲ್ಲಿ ಪಲ್ಲವಿ, ಅನುಪಲ್ಲವಿ, ಚರಣ, ಮಧ್ಯದ ಬಿಜಿಎಂ (ಹಿನ್ನೆಲೆ ಸಂಗೀತ) ತುಣುಕುಗಳನ್ನು ಪ್ರತ್ಯೇಕ ಪ್ಯಾಟರ್ನ್‌ಗಳಾಗಿ ಮಾಡಿಟ್ಟು ಆಮೇಲೆ ಜೋಡಿಸುವುದು ಕ್ರಮ. ಸ್ವರಗಳು ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತವೆ, ಬೆರಳಿಂದ ಮುಟ್ಟಿ ಸರಿಪಡಿಸಬಹುದು. ನಮ್ಮ ಹಾಡುಗಳ ಕಟ್ಟಡಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಪಲ್ಲವಿಗೆ ಮರಳುವ ಪ್ರತಿ ಸಲವೂ ಮತ್ತೆ ನುಡಿಸುವ ಕಷ್ಟವೇ ತಪ್ಪಿತು.

ತಾಳದ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬೇಕು. ಕೀಬೋರ್ಡ್ ತೋರಿಸುವವರು ನಾಲ್ಕರ ಗತಿಯ ಡ್ರಮ್ ಪ್ಯಾಟರ್ನ್ ಹಾಕಿ ತೋರಿಸುತ್ತಾರೆ. ನೀವು 7/8ಕ್ಕೆ ಬದಲಿಸಿ ಮಿಶ್ರಛಾಪಿನ ಮೂರು ಮತ್ತು ನಾಲ್ಕರ ಪೆಟ್ಟುಗಳನ್ನು ನುಡಿಸಿ ದಾಖಲಿಸಿ ನೋಡಿ. ಪೆಟ್ಟುಗಳನ್ನು ತಾಳದ ಲೆಕ್ಕಕ್ಕೆ ತಾನೇ ಸರಿಹೊಂದಿಸುವ ಕ್ವಾಂಟೈಸ್ ಅನ್ನು ಪೂರ್ತಿ ಹಾಕಿದರೆ ಮೃದಂಗದ ನಡೆ ಸತ್ತುಹೋಗುತ್ತದೆ. ಅದನ್ನು ಅರ್ಧದಷ್ಟು ಮಾತ್ರ ಹಾಕಲು ಎಷ್ಟು ಗುಂಡಿ ಒತ್ತಬೇಕಾಗುತ್ತದೆ ಎಂಬುದನ್ನೂ ಗಮನಿಸಿ.

ಇನ್ನು ಗಮಕ, ಅಂದರೆ ಸ್ವರವನ್ನು ತೂಗಾಡಿಸುವ, ಜಾರಿಸುವ ಬಗೆ. ಈ ಒಂದು ವಿಷಯಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್‌ಗೆ ಯಮಾಹಾದಲ್ಲಿ ಮೇಲೆ ಕೆಳಗೆ ಉರುಳಿಸುವ ಚಕ್ರವಿದೆ, ಕೋರ್ಗ್‌ನಲ್ಲಿ ಜಾಯ್‌ಸ್ಟಿಕ್, ರೋಲ್ಯಾಂಡ್‌ನಲ್ಲಿ ಎಡಬಲಕ್ಕೆ ಸರಿಸುವ ಸನ್ನೆಕೋಲು. ತೋಡಿ ರಾಗದ ಗಾಂಧಾರವನ್ನು ಋಷಭ ಮಧ್ಯಮಗಳ ನಡುವೆ ತೂಗಾಡಿಸುವಾಗ ಎಡ ಹೆಬ್ಬೆರಳು ಸನ್ನೆಕೋಲಿನ ಮೇಲೆ ಸಣ್ಣದಾಗಿ ಅತ್ತಿತ್ತ ಆಡಿದರೆ ಸಾಕು, ಸ್ಪ್ರಿಂಗ್ ಅದನ್ನು ಸ್ವಸ್ಥಾನಕ್ಕೆ ತಾನೇ ತರುತ್ತದೆ. ಚಕ್ರದಲ್ಲಿ ಇದಕ್ಕೆ ನನ್ನ ಕೈ ಒಗ್ಗಲಿಲ್ಲ. ಸಾಮಾನ್ಯವಾಗಿ ಬೆಂಡ್‌ನ ವ್ಯಾಪ್ತಿ ಎರಡು ಸೆಮಿಟೋನ್‌ಗೆ ಹೊಂದಿಸಿರುತ್ತದೆ (ಒಂದು ಕೀಯಿಂದ ಪಕ್ಕದ ಕೀಗಿರುವ ಅಂತರವೇ ಒಂದು ಸೆಮಿಟೋನ್). ಕಂಪಿತಕ್ಕೆ ಅದು ಸಾಕು. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಏಳು ಸೆಮಿಟೋನ್ ಬೇಕು, ಆದರೆ ವ್ಯಾಪ್ತಿ ಹಿಗ್ಗಿದಂತೆ ಕೈ ಕೂದಲೆಳೆಯಷ್ಟು ತಪ್ಪಿದರೂ ಸ್ವರ ಅಪಸ್ವರವಾಗುತ್ತದೆ. ಹಾಗಾಗಿ ಕೊಳಲಿನ ನಾದವನ್ನೇ ಎರಡು ಪ್ರತಿ ಮಾಡಿ, ಒಂದಕ್ಕೆ ಎರಡು, ಇನ್ನೊಂದಕ್ಕೆ ಏಳು ಎಂದು ಹೊಂದಿಸಿಟ್ಟುಕೊಂಡಿದ್ದೇನೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಎಡಭಾಗದ ಝೋನ್‌ನಲ್ಲಿ (ಒಂದು ನಾದಕ್ಕೆ ಮೀಸಲಿಟ್ಟ ಕೀಗಳ ಭಾಗ) ತಂಬೂರಿಯನ್ನು ಹಿಡಿದಿಟ್ಟು ಬಲಗೈಯಲ್ಲಿ ಆಲಾಪನೆ ನುಡಿಸುವಾಗ, ತಂಬೂರಿಯ ಝೋನ್‌ಗೆ ಬೆಂಡ್ ಅನ್ನು ನಿಲ್ಲಿಸದಿದ್ದರೆ ಶ್ರುತಿಯೂ ಗಮಕದ ಜೊತೆಗೇ ಓಲಾಡುತ್ತದೆ.

ನಾದಗಳ ವಿಷಯದಲ್ಲಿ ಮೂರಕ್ಕೂ ಮೂರು ಗುಣ. ಮೋಡ್‌ಎಕ್ಸ್6+ನ ಪಿಯಾನೋ ಮತ್ತು ತಂತಿವಾದ್ಯಗಳ ಸಮೂಹ ಕೇಳಿದರೆ ಮನಸ್ಸು ತುಂಬುತ್ತದೆ. ಭಾವಗೀತೆಗೆ ಮೆತ್ತನೆಯ ಹಿನ್ನೆಲೆ ಬೇಕೆನ್ನುವವರು ಅದನ್ನೇ ಆರಿಸಿಕೊಂಡರೆ ನಾನು ತಪ್ಪೆನ್ನಲಾರೆ. ಎಫ್‌ಎಂ ಎಂಬ ನಾದ ಹುಟ್ಟಿಸುವ ವಿಧಾನದ ಗಂಟೆ, ಎಲೆಕ್ಟ್ರಿಕ್ ಪಿಯಾನೋಗಳಲ್ಲಿಯೂ ಅದೇ ಮುಂದು. ನಾಟಿಲಸ್‌ನಲ್ಲಿ ಒಂಬತ್ತು ಬಗೆಯ ನಾದ ಎಂಜಿನ್‌ಗಳಿವೆ. ಆದರೆ ಅದನ್ನು ಹಾಕಿದ ಮೇಲೆ ಸಿದ್ಧವಾಗಲು ಎರಡು ನಿಮಿಷದ ಆಸುಪಾಸು ಕಾಯಬೇಕು, ತೂಕವೂ ಉಳಿದೆರಡರ ಸುಮಾರು ಎರಡರಷ್ಟು. ಫ್ಯಾಂಟಮ್‌ನ ಸಿಂಥ್ ನಾದಗಳು, ಪ್ಯಾಡ್ ಎಂಬ ಮೆತ್ತನೆಯ ದೀರ್ಘ ನಾದಗಳು ಉತ್ತಮ, ಪಿಯಾನೋ ಸಾಧಾರಣಕ್ಕಿಂತ ಮೇಲು. ಖಂಜರಿ, ಘಟಗಳಿಗೆ ಯಾವುದನ್ನೂ ನೆಚ್ಚಿಕೊಳ್ಳಬೇಡಿ. ನಾನು ಮೈಕ್ ಹಚ್ಚಿ ಖಂಜರಿಯ ನಾಲ್ಕು ಪೆಟ್ಟುಗಳನ್ನು ನೇರವಾಗಿ ಫ್ಯಾಂಟಮ್‌ಗೆ ಸ್ಯಾಂಪಲ್ ಮಾಡಿಕೊಂಡು (ಮುದ್ರಿಸಿಕೊಂಡು), ಬೆರಳಿಂದ ಬಡಿಯುವ ನಾಲ್ಕು ಪ್ಯಾಡ್ ಗುಂಡಿಗಳಿಗೆ ಹಂಚಿದ್ದೇನೆ. ಆ ಅರ್ಧ ಗಂಟೆಯ ಕೆಲಸ ಈವರೆಗೆ ಹಲವು ಹಾಡುಗಳಿಗೆ ಒದಗಿದೆ.

ಕೊರತೆಗಳನ್ನೂ ಹೇಳಬೇಕು. ಫ್ಯಾಂಟಮ್-06ರ ಮನೆಗಳಲ್ಲಿ (ಕೀಗಳಲ್ಲಿ) ಆಫ್ಟರ್‌ಟಚ್ ಇಲ್ಲ. ಒತ್ತಿ ಹಿಡಿದ ಸ್ವರವನ್ನು ಇನ್ನಷ್ಟು ಅದುಮಿ ಉಬ್ಬಿಸಲಾಗದು. ಮೋಡ್‌ಎಕ್ಸ್6+ನಲ್ಲಿಯೂ ಇಲ್ಲ. ಪಿಯಾನೋ ಅಭ್ಯಾಸ ಮಾಡಿದವರಿಗೆ 61 ಮನೆಗಳ ಹಗುರ ಸ್ಪರ್ಶ ತೃಪ್ತಿ ಕೊಡುವುದಿಲ್ಲ, ಅಂಥವರು 88 ಮನೆಗಳ ಫ್ಯಾಂಟಮ್-08 ನೋಡುವುದು ಒಳ್ಳೆಯದು. ಆಟೋದಲ್ಲಿ ಇಟ್ಟುಕೊಂಡು ಗಾಯಕರ ಮನೆಗೆ ಹೋಗಿ ಬರುವ ನನಗೆ ಹಗುರವೇ ಬೇಕಾಗಿತ್ತು.

ಕಂಪ್ಯೂಟರ್‌ಗೆ ಒಂದೇ ಯುಎಸ್‌ಬಿ ಕೇಬಲ್ ಸಾಕು, ಮಿಡಿಯೂ ಧ್ವನಿಯೂ ಅದರಲ್ಲೇ ಹರಿಯುತ್ತವೆ. ಪ್ರತ್ಯೇಕ ಆಡಿಯೋ ಇಂಟರ್‌ಫೇಸ್ ಕೊಳ್ಳುವ ಖರ್ಚು ಸದ್ಯಕ್ಕೆ ಉಳಿಯಿತು. ಕೀಬೋರ್ಡಿನ ಬೆಲೆಯ ಜೊತೆಗೆ ಒಂದು ಸಸ್ಟೇನ್ ಪೆಡಲ್, ಗಟ್ಟಿ ಸ್ಟ್ಯಾಂಡ್, ಸಣ್ಣದೊಂದು ಯುಪಿಎಸ್‌ಗೂ ಹಣ ತೆಗೆದಿಡಿ. ಕೊಂಡ ಎರಡನೆಯ ವಾರ, ಚರಣದ ವಯಲಿನ್ ಸಾಲುಗಳನ್ನು ಸೇವ್ ಮಾಡುವ ಮೊದಲೇ ಮಳೆಗೆ ವಿದ್ಯುತ್ ಹೋಗಿ ಒಂದು ಸಂಜೆಯ ದುಡಿಮೆ ಅಳಿಸಿಹೋಯಿತು. ಮಾರನೆಯ ದಿನವೇ ಯುಪಿಎಸ್ ತಂದೆ, ಪ್ರತಿ ಟ್ರ್ಯಾಕ್ ಮುಗಿದ ಕೂಡಲೇ ಸೇವ್ ಮಾಡುವ ರೈಟ್ (WRITE) ಗುಂಡಿ ಒತ್ತುವ ರೂಢಿಯನ್ನೂ ಮಾಡಿಕೊಂಡೆ.